ಹಗರಣ ಮತ್ತು ಪ್ರಕರಣ: ಬಿಳಿ ಕಾಲರಿನ ಅಪರಾಧ ಹಾಗೂ ಹಣಕಾಸಿನ ಬಿಕ್ಕಟ್ಟು

1

ಕನ್ನಡ ವೃತ್ತಪತ್ರಿಕೆಗಳ ಓದುಗರಿಗೆ ‘ಹಗರಣ’ ಎಂಬ ಪದವು ಇಂದು ಹಣಕಾಸಿನ ವಂಚನೆ, ಸಾರ್ವಜನಿಕ ಧನದ ದುರುಪಯೋಗ ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಪರಿಚಿತವಾಗಿದೆ. ಆದರೆ ಈ ಪದದ ಹಿಂದಿನ ಬಾಳು ಬೇರೆಯೇ ಆಗಿತ್ತು. ಪ್ರಾಚೀನ ಕನ್ನಡದ ‘ಪಗರಣ’ವೇ ಪಕಾರವು ಹಕಾರವಾಗಿ ‘ಹಗರಣ’ವಾಯಿತು. ವೇಷ ಕಟ್ಟಿ, ಅಣಕಿಸಿ, ನೋಡುವವರನ್ನು ನಗಿಸುವ ಆಟಕ್ಕೆ ಆ ಹೆಸರು ಸಲ್ಲುತ್ತಿತ್ತು. ಉತ್ತರ ಕನ್ನಡ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ಆಚರಣೆಯಲ್ಲಿ ಹಗರಣವೆಂಬ ವೇಷದಾಟವು ಉಳಿದುಬಂದಿದೆ. ಪಗರಣ ಶಬ್ದವನ್ನು ಸಂಸ್ಕೃತದ ‘ಪ್ರಕರಣ’ದ ತದ್ಭವವೆಂದು ವಿದ್ವಾಂಸರು ಗುರುತಿಸಿದ್ದಾರೆ. ಸಂಸ್ಕೃತ ನಾಟ್ಯಶಾಸ್ತ್ರದಲ್ಲಿ ಪ್ರಕರಣವು ದಶರೂಪಕಗಳಲ್ಲೊಂದು, ಕವಿಕಲ್ಪಿತವಾದ ಕಥೆಯುಳ್ಳದ್ದು. ಇಂದಿನ ಕನ್ನಡದಲ್ಲಾದರೋ ಪ್ರಕರಣವೆಂದರೆ ಪೊಲೀಸ್ ಠಾಣೆಯಲ್ಲಿ ದಾಖಲಾಗುವ, ನ್ಯಾಯಾಲಯದಲ್ಲಿ ವಿಚಾರಣೆಗೆ ಬರುವ ಮೊಕದ್ದಮೆ.

ಒಂದೇ ಮೂಲದ ತತ್ಸಮ ಮತ್ತು ತದ್ಭವ ರೂಪಗಳೆರಡೂ ಹೀಗೆ ಒಂದೇ ಸುದ್ದಿಯ ಎರಡು ತುದಿಗಳಲ್ಲಿ ಬಂದು ನಿಂತಿರುವುದು ಭಾಷೆಯ ಆಕಸ್ಮಿಕವಾದರೂ ಅರ್ಥವತ್ತಾದ ಆಕಸ್ಮಿಕ. ಹಗರಣ ಮೊದಲು ನಡೆಯುತ್ತದೆ. ಪ್ರಕರಣ ಆಮೇಲೆ ದಾಖಲಾಗುತ್ತದೆ. ಇವೆರಡರ ನಡುವಿನ ಕಾಲಾವಧಿ ಕೆಲವೊಮ್ಮೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು. ಆ ಅವಧಿಯಲ್ಲಿ ವೇಷವನ್ನೇ ನಿಜವೆಂದು ನಂಬಿ ಲೋಕವ್ಯವಹಾರವು ಎಂದಿನಂತೆ ಸಾಗುತ್ತಿರುತ್ತದೆ. ಬಿಳಿ ಕಾಲರಿನ ಅಪರಾಧವು ಹಣಕಾಸಿನ ಬಿಕ್ಕಟ್ಟಾಗಿ ಪರಿಣಮಿಸುವುದು ಈ ನಡುವಿನ ಕಾಲದಲ್ಲಿಯೇ. ಅದರ ಸ್ವರೂಪವನ್ನು ಕನ್ನಡ ನಾಡಿಗೂ ನೆರೆಯ ಮಹಾರಾಷ್ಟ್ರಕ್ಕೂ ಸಂಬಂಧಿಸಿದ ಕೆಲವು ನಿದರ್ಶನಗಳ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

‘ಬಿಳಿ ಕಾಲರಿನ ಅಪರಾಧ’ ಎಂಬ ಪರಿಭಾಷೆಯನ್ನು ಬಳಕೆಗೆ ತಂದವನು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲ್ಯಾಂಡ್. 1939ರಲ್ಲಿ ಫಿಲಡೆಲ್ಫಿಯಾದಲ್ಲಿ ಮಾಡಿದ ಅಧ್ಯಕ್ಷ ಭಾಷಣವೊಂದರಲ್ಲಿ ಆತ ಈ ಪರಿಕಲ್ಪನೆಯನ್ನು ಮಂಡಿಸಿದನು. ಬಡತನ, ಅನಕ್ಷರತೆ, ಒಡೆದ ಸಂಸಾರ ಇವುಗಳೇ ಅಪರಾಧದ ಬೇರುಗಳೆಂದು ಆ ಕಾಲದ ಅಪರಾಧಶಾಸ್ತ್ರವು ಬಗೆದಿತ್ತು. ಸೆರೆಮನೆಯಲ್ಲಿರುವವರನ್ನು ಮಾತ್ರ ಎಣಿಸಿ ಅಪರಾಧದ ಕಾರಣವನ್ನು ನಿರ್ಣಯಿಸಿದರೆ ಸೆರೆಮನೆಗೆ ಎಂದೂ ಹೋಗದ ಅಪರಾಧಿಗಳು ಲೆಕ್ಕದಿಂದ ತಪ್ಪಿಹೋಗುತ್ತಾರೆಂಬುದು ಸದರ್ಲ್ಯಾಂಡನ ಆಕ್ಷೇಪ. ಗೌರವಾನ್ವಿತನೂ ಉನ್ನತ ಸಾಮಾಜಿಕ ಸ್ಥಾನದಲ್ಲಿರುವವನೂ ಆದ ವ್ಯಕ್ತಿಯು ತನ್ನ ವೃತ್ತಿಯ ನಿರ್ವಹಣೆಯಲ್ಲಿಯೇ ಎಸಗುವ ಅಪರಾಧವನ್ನು ಆತ ಈ ಹೆಸರಿನಿಂದ ನಿರ್ದೇಶಿಸಿದನು. 1949ರಲ್ಲಿ ಇದೇ ಶೀರ್ಷಿಕೆಯ ಆತನ ಗ್ರಂಥವು ಪ್ರಕಟವಾದಾಗ, ಮಾನನಷ್ಟ ಮೊಕದ್ದಮೆಯ ಭಯದಿಂದ ಕಂಪನಿಗಳ ಹೆಸರುಗಳನ್ನು ತೆಗೆದುಹಾಕಬೇಕಾಯಿತು. ಹೆಸರುಗಳಿರುವ ಪೂರ್ಣಪಾಠವು ಬೆಳಕು ಕಂಡದ್ದು 1983ರಲ್ಲಿ. ಗ್ರಂಥದ ವಸ್ತುವು ಯಾವುದೋ ಅದರ ಬಲವೇ ಗ್ರಂಥದ ಪಾಠವನ್ನು ಮೂವತ್ತನಾಲ್ಕು ವರ್ಷಗಳ ಕಾಲ ತಿದ್ದಿಟ್ಟಿತೆಂಬುದು ಪಾಠಸಂಪಾದನೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಸದರ್ಲ್ಯಾಂಡನ ಲಕ್ಷಣದಲ್ಲಿ ಎರಡು ಅಂಶಗಳು ಮುಖ್ಯವಾದುವು. ಒಂದು, ಗೌರವ, ಇನ್ನೊಂದು, ವೃತ್ತಿ. ಕನ್ನಗಳ್ಳನು ಗೋಡೆಯನ್ನು ಒಡೆದು ಒಳನುಗ್ಗುತ್ತಾನೆ. ಬಿಳಿ ಕಾಲರಿನ ಅಪರಾಧಿಯ ಕೈಯಲ್ಲಿ ಬಾಗಿಲಿನ ಬೀಗದ ಕೈಯೇ ಇರುತ್ತದೆ. ಬೇಲಿಯೇ ಎದ್ದು ಹೊಲವನ್ನು ಮೇಯುವುದೆಂಬ ಕನ್ನಡದ ಗಾದೆಮಾತು ಇದನ್ನೇ ಸೂಚಿಸುತ್ತದೆ. ಈ ಅಪರಾಧದ ಆಯುಧವು ಕತ್ತಿಯಲ್ಲ, ಕಾಗದ: ರಸೀತಿ, ಲೆಕ್ಕಪತ್ರ, ಠೇವಣಿ ಪತ್ರ, ಮುದ್ರೆ, ಸಹಿ. ಆದುದರಿಂದ ಇದರ ಅಧ್ಯಯನವು ಅರ್ಥಶಾಸ್ತ್ರ ಮತ್ತು ಕಾನೂನಿಗೆ ಸೇರಿದಂತೆ ಪತ್ರ, ಪಾಠ, ಭಾಷೆಗಳ ಅಧ್ಯಯನಕ್ಕೂ ಸೇರಿದ್ದಾಗಿದೆ.

3

ಪತ್ರದ ಮೂಲಕ ನಡೆಯುವ ವಂಚನೆಯು ಆಧುನಿಕ ಕಾಲದ ಸೃಷ್ಟಿಯೇನಲ್ಲ. ಪ್ರಾಚೀನರು ಅದಕ್ಕೆ ‘ಕೂಟ’ ಎಂಬ ಶಬ್ದವನ್ನು ಬಳಸಿದರು. ಕೂಟಸಾಕ್ಷಿ, ಕೂಟತುಲೆ, ಕೂಟಶಾಸನ ಮುಂತಾದ ಸಮಾಸಗಳು ಸುಪರಿಚಿತವಾದುವು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ರಾಜಧನವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿದ್ದಾನೆ. ಬಂದುದನ್ನು ಬಂದಿಲ್ಲವೆಂದು ಬರೆಯುವುದು, ಕೊಡದುದನ್ನು ಕೊಟ್ಟೆನೆಂದು ಬರೆಯುವುದು, ಒಬ್ಬನ ಹೆಸರಿನಲ್ಲಿ ಬಂದುದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು ಮುಂತಾದ ಆ ಬಗೆಗಳಲ್ಲಿ ಹಲವು ಇಂದಿನ ಲೆಕ್ಕಪರಿಶೋಧಕರಿಗೂ ಅಪರಿಚಿತವಲ್ಲ.

ಕ್ರಿ.ಶ. 631ರ ಹರ್ಷವರ್ಧನನ ಮಧುಬನ ತಾಮ್ರಪಟವು ಈ ದೃಷ್ಟಿಯಿಂದ ಮಹತ್ವದ್ದು. ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ ಬಲದಿಂದ ಗ್ರಾಮವೊಂದನ್ನು ಅನುಭವಿಸುತ್ತಿದ್ದನೆಂದೂ ಆ ಶಾಸನವನ್ನು ಮುರಿಸಿ ಗ್ರಾಮವನ್ನು ಬೇರೆಯವರಿಗೆ ದತ್ತಿ ನೀಡಲಾಯಿತೆಂದೂ ಅದರಿಂದ ತಿಳಿಯುತ್ತದೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಗಂಗರ ತಾಮ್ರಶಾಸನಗಳ ಪ್ರಾಮಾಣ್ಯವನ್ನು ಕುರಿತು ಜೆ.ಎಫ್. ಫ್ಲೀಟ್ ಮತ್ತು ಬಿ.ಎಲ್. ರೈಸ್ ಇವರ ನಡುವೆ ನಡೆದ ವಾದವು ಕನ್ನಡ ಶಾಸನಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಲಿಪಿಯ ಕಾಲ, ತಿಥಿವಾರಗಳ ಹೊಂದಾಣಿಕೆ, ವಂಶಾವಳಿಯ ಸಂಗತಿ, ಭಾಷೆಯ ಶುದ್ಧಾಶುದ್ಧತೆ ಇವುಗಳನ್ನು ಒರೆಗಲ್ಲಾಗಿಸಿಕೊಂಡು ಫ್ಲೀಟ್ ಹಲವು ಶಾಸನಗಳನ್ನು ಕೂಟವೆಂದು ತಳ್ಳಿಹಾಕಿದರು. ಅವರ ಎಲ್ಲ ತೀರ್ಮಾನಗಳೂ ನಿಂತಿಲ್ಲವಾದರೂ ದಾಖಲೆಯು ತನ್ನ ವಿಷಯದಲ್ಲಿ ತಾನೇ ಹೇಳಿಕೊಳ್ಳುವುದನ್ನು ಬೇರೆ ಸಾಕ್ಷ್ಯದಿಂದ ಪರೀಕ್ಷಿಸದೆ ಒಪ್ಪಬಾರದೆಂಬ ಪಾಠವು ಉಳಿದುಕೊಂಡಿತು.

ಕನ್ನಡ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನಕ್ಕೆ ಮೂಲವಾದ ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಎರಡು ವಿಧಿಗಳಿವೆ. ತಕ್ಕಡಿ, ರಾಜಶಾಸನ, ಅಳತೆ ಮತ್ತು ನಾಣ್ಯ ಇವುಗಳನ್ನು ಸುಳ್ಳಾಗಿ ಮಾಡುವವನಿಗೂ, ಅಂತಹವುಗಳಿಂದ ವ್ಯವಹರಿಸುವವನಿಗೂ ಗರಿಷ್ಠ ದಂಡವೆಂಬುದು ಮೊದಲನೆಯದು. ನಾಣ್ಯವನ್ನು ಪರೀಕ್ಷಿಸುವ ಅಧಿಕಾರಿಯೇ ಖೋಟಾ ನಾಣ್ಯವನ್ನು ಸಾಚಾ ಎಂದೋ ಸಾಚಾ ನಾಣ್ಯವನ್ನು ಖೋಟಾ ಎಂದೋ ಹೇಳಿದರೆ ಅವನಿಗೂ ಅದೇ ದಂಡವೆಂಬುದು ಎರಡನೆಯದು. ಮಾಡಿದವನು, ಬಳಸಿದವನು, ಪರೀಕ್ಷಿಸಿ ಸುಳ್ಳು ಹೇಳಿದವನು — ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಈ ವಿವೇಕವು ಗಮನಾರ್ಹವಾದುದು. ಮುಂದೆ ಪ್ರಸ್ತಾಪಿಸುವ ನಿದರ್ಶನಗಳಲ್ಲೆಲ್ಲ ಈ ಮೂವರೂ ಬೇರೆ ಬೇರೆ ಉಡುಪಿನಲ್ಲಿ ಕಾಣಿಸಿಕೊಳ್ಳುತ್ತಾರೆ.

4

ಕರ್ನಾಟಕದ ಕರಾವಳಿಯು ಆಧುನಿಕ ಬ್ಯಾಂಕಿಂಗ್ ಉದ್ಯಮದ ತವರುಗಳಲ್ಲೊಂದು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಸ್ಥಾಪಿಸಿದ ನಿಧಿಯು ಕೆನರಾ ಬ್ಯಾಂಕಾಗಿ ಬೆಳೆಯಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕೂ, 1924ರಲ್ಲಿ ಕರ್ಣಾಟಕ ಬ್ಯಾಂಕೂ, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯೂ, 1931ರಲ್ಲಿ ವಿಜಯಾ ಬ್ಯಾಂಕೂ ಹುಟ್ಟಿದುವು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಷ್ಟು ಅಲ್ಪಮೊತ್ತವನ್ನೂ ಪ್ರತಿನಿಧಿಯು ಮನೆಬಾಗಿಲಿಗೆ ಬಂದು ಪಡೆದುಕೊಳ್ಳುತ್ತಿದ್ದನು. ಇಲ್ಲಿ ನಂಬಿಕೆಗೆ ಒಂದು ಮುಖವಿತ್ತು. ದಿನವೂ ಬರುವ ಮನುಷ್ಯ, ದಿನವೂ ಬರೆಯುವ ಪುಸ್ತಕ, ಕಣ್ಣೆದುರಿನ ಲೆಕ್ಕ.

1992ರ ಷೇರು ಹಗರಣದಲ್ಲಿ ಕೈಬದಲಾದ ಹಣವೂ ಅಂತಿಮವಾಗಿ ಇಂತಹ ಸಣ್ಣ ಠೇವಣಿಗಳಿಂದಲೇ ಕೂಡಿಬಂದದ್ದು. ಆದರೆ ಅಷ್ಟರಲ್ಲಿ ನಂಬಿಕೆಯು ಮುಖದಿಂದ ಕಾಗದಕ್ಕೆ ವರ್ಗವಾಗಿತ್ತು. ಬ್ಯಾಂಕುಗಳು ತಮ್ಮ ಠೇವಣಿಯ ನಿರ್ದಿಷ್ಟ ಭಾಗವನ್ನು ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಿರಬೇಕೆಂಬ ನಿಯಮವಿದೆ. ತಾತ್ಕಾಲಿಕವಾಗಿ ಹಣ ಬೇಕಾದ ಬ್ಯಾಂಕು ತನ್ನ ಸಾಲಪತ್ರಗಳನ್ನು ಇನ್ನೊಂದು ಬ್ಯಾಂಕಿಗೆ ಮಾರಿ, ಕೆಲವು ದಿನಗಳ ಬಳಿಕ ಗೊತ್ತಾದ ಬೆಲೆಗೆ ಮರಳಿ ಕೊಳ್ಳುವ ಕರಾರು ಮಾಡಿಕೊಳ್ಳುತ್ತಿತ್ತು. ಸಾಲಪತ್ರಗಳ ಒಡೆತನದ ವರ್ಗಾವಣೆಯನ್ನು ರಿಸರ್ವ್ ಬ್ಯಾಂಕಿನ ಕಚೇರಿಯಲ್ಲಿ ಕೈಬರಹದ ಪುಸ್ತಕಗಳಲ್ಲಿ ನಮೂದಿಸಬೇಕಾಗಿದ್ದುದರಿಂದ ವಿಳಂಬವಾಗುತ್ತಿತ್ತು. ಅದನ್ನು ತಪ್ಪಿಸಲು ಮಾರುವ ಬ್ಯಾಂಕು ಒಂದು ರಸೀತಿಯನ್ನು ಮಾತ್ರ ಕೊಡುವ ರೂಢಿ ಬೆಳೆಯಿತು. ‘ಸಾಲಪತ್ರ ನಮ್ಮಲ್ಲಿದೆ, ಮುಂದೆ ಒಪ್ಪಿಸುತ್ತೇವೆ’ ಎಂಬುದು ಆ ಬ್ಯಾಂಕ್ ರಸೀತಿಯ ತಾತ್ಪರ್ಯ. ಎರಡು ಬ್ಯಾಂಕುಗಳ ನಡುವೆ ದಲ್ಲಾಳಿಯಿದ್ದನು. ಬ್ಯಾಂಕಿನ ಹೆಸರಿಗೆ ಬರೆದ ಚೆಕ್ಕಿನ ಹಣವು ರೂಢಿಯ ಹೆಸರಿನಲ್ಲಿ ದಲ್ಲಾಳಿಯ ಖಾತೆಗೇ ಜಮೆಯಾಗುತ್ತಿತ್ತು.

ಈ ರೂಢಿಯ ಎರಡು ಬಿರುಕುಗಳು ಒಂದಾದಾಗ ಹಗರಣವು ಸಾಧ್ಯವಾಯಿತು. ಹಿಂದೆ ಯಾವ ಸಾಲಪತ್ರವೂ ಇಲ್ಲದ ಬರಿಯ ರಸೀತಿಗಳು ಹೊರಟವು. ಕೃಷ್ಣಾ ಕೊಯ್ನಾ ಸಂಗಮದ ಊರಾದ ಕರಾಡದ ಬ್ಯಾಂಕ್ ಆಫ್ ಕರಾಡ್ ಮತ್ತು ಮುಂಬಯಿಯ ಮೆಟ್ರೊಪಾಲಿಟನ್ ಸಹಕಾರಿ ಬ್ಯಾಂಕು ತಮ್ಮ ಬಂಡವಾಳಕ್ಕೆ ಹಲವು ಪಟ್ಟು ಮಿಗಿಲಾದ ಮೊತ್ತಕ್ಕೆ ಇಂತಹ ರಸೀತಿಗಳನ್ನು ಕೊಟ್ಟವು. ಅವನ್ನು ನಂಬಿ ಹಣ ಕೊಟ್ಟವುಗಳಲ್ಲಿ ವಿದೇಶೀ ಬ್ಯಾಂಕುಗಳಿದ್ದುವು. ಕೆನರಾ ಬ್ಯಾಂಕಿನ ಅಂಗಸಂಸ್ಥೆಗಳಾಗಿದ್ದ ಕ್ಯಾನ್‌ಫಿನಾ ಮತ್ತು ಕ್ಯಾನ್‌ಬ್ಯಾಂಕ್ ಮ್ಯೂಚುವಲ್ ಫಂಡ್ ಕೂಡ ಇದ್ದುವು. ಹೀಗೆ ಬಂದ ಹಣದಲ್ಲಿ ಬಹುಭಾಗವನ್ನು ಹರ್ಷದ್ ಮೆಹ್ತಾ ಮತ್ತಿತರ ದಲ್ಲಾಳಿಗಳು ಷೇರುಪೇಟೆಯಲ್ಲಿ ತೊಡಗಿಸಿದರು. 1991ರ ಆರಂಭದಲ್ಲಿ ಒಂದು ಸಾವಿರದ ಆಸುಪಾಸಿನಲ್ಲಿದ್ದ ಮುಂಬಯಿ ಷೇರು ಸೂಚ್ಯಂಕವು 1992ರ ಏಪ್ರಿಲ್ ವೇಳೆಗೆ 4,467ಕ್ಕೆ ಏರಿತು.

1992ರ ಏಪ್ರಿಲ್ 23ರಂದು ಸುಚೇತಾ ದಲಾಲ್ ಅವರ ವರದಿಯು ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಪ್ರಕಟವಾಗಿ ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ ಕಂಡುಬಂದ ಕೊರತೆಯು ಬಯಲಿಗೆ ಬಂದಾಗ ಸರಪಳಿಯ ಒಂದು ಕೊಂಡಿ ಕಳಚಿತು. ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುತ್ತ ಬಂದ ವ್ಯವಸ್ಥೆಯಲ್ಲಿ ಒಂದು ಕೊಂಡಿ ಕಳಚಿತೆಂದರೆ ಉಳಿದವೂ ಕಳಚಿದಂತೆಯೇ. ಸೂಚ್ಯಂಕವು ಕೆಲವೇ ತಿಂಗಳುಗಳಲ್ಲಿ ಕುಸಿಯಿತು. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆರ್. ಜಾನಕಿರಾಮನ್ ಅವರ ಸಮಿತಿಯು ಲೆಕ್ಕಕ್ಕೆ ಸಿಗದ ಮೊತ್ತವನ್ನು ಸುಮಾರು 4,024 ಕೋಟಿ ರೂಪಾಯಿಗಳೆಂದು ಗುರುತಿಸಿತು. ರಾಮನಿವಾಸ್ ಮಿರ್ಧಾ ಅವರ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿಯು 1993ರಲ್ಲಿ ವರದಿ ಒಪ್ಪಿಸಿತು. ಸಂಸತ್ತು 1992ರಲ್ಲಿಯೇ ವಿಶೇಷ ನ್ಯಾಯಾಲಯದ ಕಾಯ್ದೆಯನ್ನು ಮಾಡಿತು. ಬ್ಯಾಂಕ್ ಆಫ್ ಕರಾಡ್ ಮುಚ್ಚಿಹೋಗಿ 1994ರಲ್ಲಿ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಹರ್ಷದ್ ಮೆಹ್ತಾ 2001ರ ಡಿಸೆಂಬರ್ 31ರಂದು ಬಂಧನದಲ್ಲಿರುವಾಗಲೇ ತೀರಿಕೊಂಡನು. ಹಗರಣವು ಒಂದೆರಡು ವರ್ಷದ್ದು. ಪ್ರಕರಣಗಳಾದರೋ ದಶಕಗಳವರೆಗೆ ನಡೆದುವು.

5

ಮಹಾರಾಷ್ಟ್ರದ ನಾಶಿಕ ಜಿಲ್ಲೆಯ ಓಝರ್ ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿರುವ ಊರು. 1964ರಲ್ಲಿ ಇಲ್ಲಿ ಮಿಗ್ ಯುದ್ಧವಿಮಾನಗಳ ತಯಾರಿಕೆಗಾಗಿ ಕಾರ್ಖಾನೆ ಸ್ಥಾಪಿತವಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನುಳ್ಳ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಭಾಗವಾದ್ದರಿಂದ ಈ ಊರಿಗೂ ಕನ್ನಡ ನಾಡಿಗೂ ನಂಟುಂಟು. ಓಝರಿನಿಂದ ಅನತಿದೂರದ ನಾಶಿಕ ರೋಡಿನಲ್ಲಿ ಇನ್ನೊಂದು ಬಗೆಯ ಕಾರ್ಖಾನೆಯಿದೆ. ಅಂಚೆಚೀಟಿಗಳನ್ನು ಲಂಡನ್ನಿನಲ್ಲಿ ಮುದ್ರಿಸಿ ತರಿಸುವ ಪದ್ಧತಿಯನ್ನು ಕೈಬಿಟ್ಟು 1925ರಲ್ಲಿ ಸ್ಥಾಪಿಸಿದ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಅದು. ಅಂಚೆಚೀಟಿ, ಪಾಸ್‌ಪೋರ್ಟ್, ಛಾಪಾ ಕಾಗದ ಮೊದಲಾದುವು ಅಲ್ಲಿ ಅಚ್ಚಾಗುತ್ತ ಬಂದಿವೆ. 1928ರಲ್ಲಿ ಅದರ ಪಕ್ಕದಲ್ಲಿಯೇ ನೋಟು ಮುದ್ರಣಾಲಯವೂ ಆರಂಭವಾಯಿತು. ಒಂದು ಊರಿನಲ್ಲಿ ಲೋಹದಿಂದ ವಿಮಾನ, ಇನ್ನೊಂದರಲ್ಲಿ ಕಾಗದದಿಂದ ನಂಬಿಕೆ. ವಿಮಾನದ ಪ್ರತಿಯೊಂದು ಬಿಡಿಭಾಗಕ್ಕೂ ಪರೀಕ್ಷಕನ ಸಹಿ ಬೇಕಾದಂತೆ ಛಾಪಾ ಕಾಗದದ ಪ್ರತಿಯೊಂದು ಹಾಳೆಗೂ ಲೆಕ್ಕವಿರಬೇಕು.

ಬೆಳಗಾವಿ ಜಿಲ್ಲೆಯ ಗಡಿ ತಾಲ್ಲೂಕಾದ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಹೆಸರಿನೊಂದಿಗೆ ತಳುಕು ಹಾಕಿಕೊಂಡ ನಕಲಿ ಛಾಪಾ ಕಾಗದದ ಹಗರಣವು ಈ ಲೆಕ್ಕದ ಹೊರಗೆ ಬೆಳೆಯಿತು. ರೈಲ್ವೆ ನೌಕರನ ಮಗನಾಗಿ ಹುಟ್ಟಿ, ಬಾಲ್ಯದಲ್ಲಿ ರೈಲುಗಳಲ್ಲಿ ಹಣ್ಣು ಮಾರಿ, ಪದವಿಯವರೆಗೆ ಓದಿದ ಈತ ಗಲ್ಫ್ ದೇಶದಲ್ಲಿ ಕೆಲಕಾಲವಿದ್ದು ಮರಳಿ ಮುಂಬಯಿಯಲ್ಲಿ ನೆಲೆಸಿದನು. 1994ರಲ್ಲಿ ಛಾಪಾ ಕಾಗದ ಮಾರುವ ಪರವಾನಗಿಯನ್ನು ಪಡೆದನು. ನಾಶಿಕದ ಮುದ್ರಣಾಲಯವು ಹಳತಾದುವೆಂದು ವಿಲೇವಾರಿ ಮಾಡಿದ ಯಂತ್ರಗಳನ್ನು ಪಡೆದು ಮುಂಬಯಿಯಲ್ಲಿ ಮುದ್ರಣ ನಡೆಸಿದನೆಂಬುದು ತನಿಖೆಯಿಂದ ಹೊರಬಂದ ಸಂಗತಿ. ಮುದ್ರಣಾಲಯದ ಬಾಗಿಲಿನಲ್ಲಿ ಕಾವಲು ಬಿಗಿಯಾಗಿತ್ತು. ಗುಜರಿಯಾಗಿ ಹೊರಹೋದ ಯಂತ್ರಕ್ಕೆ ಮಾತ್ರ ಕಾವಲಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸದರ್ಲ್ಯಾಂಡನ ಲಕ್ಷಣದ ಪ್ರಕಾರ ತೆಲಗಿಯು ಬಿಳಿ ಕಾಲರಿನ ಅಪರಾಧಿಯೇ? ಆತನಿಗೆ ಹುಟ್ಟಿನಿಂದ ಬಂದ ಗೌರವವಾಗಲಿ ಉನ್ನತ ಹುದ್ದೆಯಾಗಲಿ ಇರಲಿಲ್ಲ. ಆದರೆ ಆತನ ಸರಕನ್ನು ಕೊಂಡವರು ಸಂತೆಯ ಜನರಲ್ಲ. ಬ್ಯಾಂಕುಗಳು, ವಿಮಾ ಸಂಸ್ಥೆಗಳು, ಷೇರು ದಲ್ಲಾಳಿಗಳ ಕಚೇರಿಗಳು ದೊಡ್ಡ ಮೊತ್ತದಲ್ಲಿ ಅದನ್ನು ಕೊಂಡುವು. ಛಾಪಾ ಕಾಗದದ ಕೊರತೆಯೂ ಅದನ್ನು ಕಂಡೂ ಕಾಣದಂತಿದ್ದ ಅಧಿಕಾರವರ್ಗವೂ ಇಲ್ಲದಿದ್ದರೆ ಅಚ್ಚಾದ ಹಾಳೆಗಳು ಗೋದಾಮಿನಲ್ಲಿಯೇ ಕೊಳೆಯುತ್ತಿದ್ದುವು. ನಕಲಿ ಮಾಡಿದವನು ಒಬ್ಬ. ಬಳಸಿದವರು ಮತ್ತು ಪರೀಕ್ಷಿಸದೆ ಬಿಟ್ಟವರು ಹಲವರು. ಸ್ಮೃತಿಕಾರನ ಮೂವರಲ್ಲಿ ಮೊದಲನೆಯವನ ಹೆಸರು ಮಾತ್ರ ಹಗರಣಕ್ಕೆ ಅಂಟಿಕೊಂಡು ಉಳಿದಿಬ್ಬರ ಹೆಸರು ಜನಮನದಿಂದ ಮರೆಯಾದುದು ಈ ಬಗೆಯ ಅಪರಾಧಗಳ ಸಾಮಾನ್ಯ ಗತಿ.

2000ದಲ್ಲಿ ಬೆಂಗಳೂರಿನಲ್ಲಿ ನಕಲಿ ಛಾಪಾ ಕಾಗದ ಮಾರುತ್ತಿದ್ದವರು ಸಿಕ್ಕಿಬಿದ್ದುದರಿಂದ ಈ ಜಾಲವು ಬಯಲಾಗತೊಡಗಿತು. 2001ರ ನವೆಂಬರಿನಲ್ಲಿ ತೆಲಗಿಯು ರಾಜಸ್ಥಾನದ ಅಜ್ಮೀರದಲ್ಲಿ ಬಂಧಿತನಾದನು. ಕರ್ನಾಟಕ ಸರ್ಕಾರವು ‘ಸ್ಟ್ಯಾಂಪಿಟ್’ ಎಂಬ ವಿಶೇಷ ತನಿಖಾ ತಂಡವನ್ನು ರಚಿಸಿತು. 2004ರಲ್ಲಿ ತನಿಖೆಯು ಕೇಂದ್ರೀಯ ತನಿಖಾ ದಳಕ್ಕೆ ಹೋಯಿತು. ಮಹಾರಾಷ್ಟ್ರದ ಹಿರಿಯ ಪೊಲೀಸ್ ಅಧಿಕಾರಿಗಳೂ ಬಂಧನಕ್ಕೊಳಗಾದರು. ಅವರಲ್ಲಿ ಕೆಲವರ ಮೇಲಿನ ಆರೋಪಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 2006ರಲ್ಲಿ ತೆಲಗಿಗೆ ಕಾರಾಗೃಹವಾಸದ, 2007ರಲ್ಲಿ ಹದಿಮೂರು ವರ್ಷಗಳ ಶಿಕ್ಷೆಯಾಯಿತು. 202 ಕೋಟಿ ರೂಪಾಯಿಗಳ ದಂಡವೂ ಬಿತ್ತು. ಬೆಂಗಳೂರಿನ ಪರಪ್ಪನ ಅಗ್ರಹಾರದ ಕಾರಾಗೃಹದಲ್ಲಿದ್ದ ಆತ 2017ರ ಅಕ್ಟೋಬರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತೀರಿಕೊಂಡನು. ಸಂಬಂಧಿಸಿದ ಒಂದು ಮೊಕದ್ದಮೆಯಲ್ಲಿ ನಾಶಿಕದ ನ್ಯಾಯಾಲಯವು ಸಾಕ್ಷ್ಯಾಧಾರಗಳು ಸಾಲವೆಂದು ಆತನನ್ನೂ ಇತರ ಆರೋಪಿಗಳನ್ನೂ ದೋಷಮುಕ್ತಗೊಳಿಸಿದ್ದು 2018ರ ಡಿಸೆಂಬರಿನಲ್ಲಿ, ಆತ ಸತ್ತು ವರ್ಷ ಕಳೆದ ಮೇಲೆ. ಹಗರಣದ ಒಟ್ಟು ಮೊತ್ತವನ್ನು ಕುರಿತು ಪತ್ರಿಕೆಗಳ ಅಂದಾಜಿಗೂ ತನಿಖಾ ಸಂಸ್ಥೆಗಳ ಅಂದಾಜಿಗೂ ಅಗಾಧ ಅಂತರವಿದೆ.

1992ರ ಹಗರಣದಂತೆ ಇದು ಒಂದೇ ದಿನದಲ್ಲಿ ಪೇಟೆಯನ್ನು ಕೆಡವಲಿಲ್ಲ. ಮುದ್ರಾಂಕ ಶುಲ್ಕವು ರಾಜ್ಯಗಳ ಆದಾಯದ ಮುಖ್ಯ ಬಾಬುಗಳಲ್ಲೊಂದು. ಒಂದೊಂದು ನಕಲಿ ಹಾಳೆಯೂ ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಸಲ್ಲಬೇಕಾದ ಹಣದಿಂದ ಒಂದಷ್ಟನ್ನು ಸದ್ದಿಲ್ಲದೆ ಕಳೆಯಿತು. ಹಣಕಾಸಿನ ಬಿಕ್ಕಟ್ಟುಗಳಲ್ಲಿ ಸಿಡಿಲಿನಂತಹವೂ ಉಂಟು, ಗೆದ್ದಲಿನಂತಹವೂ ಉಂಟೆಂಬುದಕ್ಕೆ ಇವೆರಡು ನಿದರ್ಶನಗಳು. ಹಗರಣದ ಅನಂತರ ಕರ್ನಾಟಕವು ಹಳೆಯ ಛಾಪಾ ಕಾಗದವನ್ನು ಕೈಬಿಟ್ಟು ಯಂತ್ರದ ಮುದ್ರೆಗೂ ಮುಂದೆ ಇ-ಸ್ಟ್ಯಾಂಪಿಂಗ್ ಪದ್ಧತಿಗೂ ಹೊರಳಿತು.

6

ಬಿಕ್ಕಟ್ಟಿನ ಭಾರವು ಕೊನೆಗೆ ಯಾರ ಮೇಲೆ ಬೀಳುತ್ತದೆಂಬುದನ್ನು ಸಹಕಾರಿ ಬ್ಯಾಂಕುಗಳ ನಿದರ್ಶನಗಳು ಸ್ಪಷ್ಟಪಡಿಸುತ್ತವೆ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ವಿಧಿಸಿದಾಗ ಠೇವಣಿದಾರನು ಹಿಂಪಡೆಯಬಹುದಾಗಿದ್ದ ಮೊತ್ತವು ಮೊದಲಿಗೆ ಒಂದು ಸಾವಿರ ರೂಪಾಯಿ ಮಾತ್ರ. ಒಂದು ಗೃಹನಿರ್ಮಾಣ ಸಮೂಹಕ್ಕೆ ಕೊಟ್ಟ ಸಾಲವನ್ನು ಮರೆಮಾಚಲು 21,049 ಕಲ್ಪಿತ ಖಾತೆಗಳನ್ನು ತೋರಿಸಲಾಗಿತ್ತೆಂಬ ಆರೋಪವು ಹೊರಬಂದಿತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೂ ನಿರ್ಬಂಧ ಬಂದು, ಹಿಂಪಡೆಯುವ ಮಿತಿಯು 35,000 ರೂಪಾಯಿಗೆ ನಿಂತಿತು. ಬಸವನಗುಡಿಯ ಸುತ್ತಮುತ್ತಲಿನ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟು ಬಡ್ಡಿಯಿಂದ ಜೀವನ ಸಾಗಿಸುತ್ತಿದ್ದ ಹಿರಿಯ ನಾಗರಿಕರು ಠೇವಣಿದಾರರಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು.

ಇಂತಹವರು ಬಡ್ಡಿಯ ಆಸೆಗೆ ಬಲಿಯಾದರೆಂದು ಹೇಳುವುದು ಸುಲಭ. ಆದರೆ ಠೇವಣಿದಾರನ ಮುಂದಿದ್ದ ಸಾಕ್ಷ್ಯವಾದರೂ ಯಾವುದು? ಲೆಕ್ಕಪರಿಶೋಧಕರು ಒಪ್ಪಿದ ವಾರ್ಷಿಕ ವರದಿ, ಇಲಾಖೆಯ ನೋಂದಣಿ, ಗೋಡೆಯ ಮೇಲಿನ ಪರವಾನಗಿ, ಪರಿಚಿತರ ಮಾತು. ನಾಣ್ಯಪರೀಕ್ಷಕನೇ ಸಾಚಾ ಎಂದ ನಾಣ್ಯವನ್ನು ಕೊಂಡವನು ಲೋಭಿಯೆನ್ನಿಸಿಕೊಳ್ಳಲಾರನು.

ನಷ್ಟ ಸಂಭವಿಸಿದ ಮೇಲೆ ಕಾನೂನು ಒಂದೊಂದೇ ಹೆಜ್ಜೆ ಮುಂದಿಟ್ಟಿದೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ಬಳಿಕ 1962ರಲ್ಲಿ ಠೇವಣಿ ವಿಮೆಯು ಜಾರಿಗೆ ಬಂದಿತು. ಆಗಿನ ಮಿತಿ 1,500 ರೂಪಾಯಿ. 2020ರ ಫೆಬ್ರವರಿಯಲ್ಲಿ ಅದು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. 2021ರ ತಿದ್ದುಪಡಿಯು ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಹಣವನ್ನು 90 ದಿನಗಳೊಳಗೆ ಒದಗಿಸುವ ಏರ್ಪಾಡನ್ನು ಮಾಡಿತು. ಒಂದೊಂದು ಸುಧಾರಣೆಯ ಹಿಂದೆಯೂ ಮುಳುಗಿದ ಒಂದು ಬ್ಯಾಂಕಿದೆ. ಅದರ ಹಿಂದೆ ಸಾಲಾಗಿ ನಿಂತ ಠೇವಣಿದಾರರಿದ್ದಾರೆ.

7

ಮೇಲಿನ ನಿದರ್ಶನಗಳಿಂದ ಅಪರಾಧವು ಬಿಕ್ಕಟ್ಟಾಗುವ ಕ್ರಮವನ್ನು ಸಂಗ್ರಹಿಸಬಹುದು. ಮೊದಲು ಒಂದು ರೂಢಿ ಬೆಳೆಯುತ್ತದೆ. ಅದು ನಿಯಮಕ್ಕೆ ಹೊರತಾದರೂ ಅನುಕೂಲಕರವಾದ್ದರಿಂದ ಯಾರೂ ಆಕ್ಷೇಪಿಸುವುದಿಲ್ಲ. ಎರಡನೆಯದಾಗಿ, ಆ ರೂಢಿಯ ಮರೆಯಲ್ಲಿ ಆಧಾರವಿಲ್ಲದ ಪತ್ರವು ಆಧಾರವಿರುವ ಪತ್ರದ ವೇಷ ಧರಿಸುತ್ತದೆ. ಮೂರನೆಯದಾಗಿ, ಆ ವಂಚನೆಯ ಫಲವು ಲಾಭವೆಂಬಂತೆ ತೋರಿ ಇತರರನ್ನೂ ಸೆಳೆಯುತ್ತದೆ. ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೈತ್ 1929ರ ಮಹಾಕುಸಿತವನ್ನು ಕುರಿತ ತನ್ನ 1955ರ ಗ್ರಂಥದಲ್ಲಿ ಈ ಘಟ್ಟವನ್ನು ವಿಶೇಷವಾಗಿ ಗುರುತಿಸಿದ್ದಾನೆ. ಕಳವು ನಡೆದು ಅದು ಪತ್ತೆಯಾಗುವವರೆಗೆ ಕದ್ದವನು ತನ್ನನ್ನು ಧನಿಕನೆಂದು ತಿಳಿದಿರುತ್ತಾನೆ, ಕಳೆದುಕೊಂಡವನಿಗೂ ತನ್ನ ನಷ್ಟದ ಅರಿವಿರುವುದಿಲ್ಲ. ಆದ್ದರಿಂದ ಸಮಾಜದ ಒಟ್ಟು ಸಂಪತ್ತು ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂಬುದು ಅವನ ವಾದದ ತಿರುಳು. ಹಗರಣಕ್ಕೂ ಪ್ರಕರಣಕ್ಕೂ ನಡುವಿನ ಕಾಲವೆಂದು ಆರಂಭದಲ್ಲಿ ಹೇಳಿದುದು ಇದನ್ನೇ. ಕೊನೆಯದಾಗಿ, ಒಂದು ಪತ್ರವು ಸುಳ್ಳೆಂದು ತಿಳಿದೊಡನೆ ನಿಜವಾದ ಪತ್ರಗಳ ಮೇಲೂ ಸಂಶಯ ಹಬ್ಬುತ್ತದೆ. ವಂಚನೆಯ ಮೊತ್ತಕ್ಕಿಂತ ಬಿಕ್ಕಟ್ಟಿನ ಮೊತ್ತವು ಹಲವು ಪಟ್ಟು ದೊಡ್ಡದಾಗುವುದು ಈ ಸಂಶಯದಿಂದಲೇ.

ಆದರೂ ಎಲ್ಲ ಬಿಕ್ಕಟ್ಟುಗಳಿಗೂ ಅಪರಾಧವೇ ಕಾರಣವೆಂದು ಭಾವಿಸುವುದು ಸರಿಯಾಗದು. 1992ರ ಏರಿಕೆಗೆ 1991ರ ಜುಲೈನಿಂದ ಆರಂಭವಾದ ಆರ್ಥಿಕ ಉದಾರೀಕರಣವು ಹುಟ್ಟಿಸಿದ ನಿರೀಕ್ಷೆಯೂ ಕಾರಣವಾಗಿತ್ತು. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಸಂಸ್ಥೆಯು ದಿವಾಳಿಯಾದಾಗ ಉಲ್ಬಣಿಸಿದ ಜಾಗತಿಕ ಬಿಕ್ಕಟ್ಟಿನಲ್ಲಿ ಸಾಲಗಾರರ ವರಮಾನವನ್ನು ಸುಳ್ಳಾಗಿ ಬರೆದ ಗೃಹಸಾಲಗಳಿದ್ದುವು. ಅವುಗಳ ಕಟ್ಟಿಗೆ ಅತ್ಯುತ್ತಮ ದರ್ಜೆಯೆಂದು ಮುದ್ರೆಯೊತ್ತಿದ ಮೌಲ್ಯಮಾಪನ ಸಂಸ್ಥೆಗಳಿದ್ದುವು. ಆದರೆ ಅಲ್ಲಿ ನಡೆದುದರಲ್ಲಿ ಬಹುಪಾಲು ಅಂದಿನ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಅಮೆರಿಕದ ತನಿಖಾ ಆಯೋಗವು 2011ರ ವರದಿಯಲ್ಲಿ ಆ ಬಿಕ್ಕಟ್ಟನ್ನು ತಪ್ಪಿಸಬಹುದಾಗಿತ್ತೆಂದೂ ಹೊಣೆಗಾರಿಕೆ ಮತ್ತು ನೀತಿಯ ಕುಸಿತವು ಅದರ ಕಾರಣಗಳಲ್ಲೊಂದೆಂದೂ ಹೇಳಿತು. ಹೀಗಾಗಿ ಅಪರಾಧವು ಬಿಕ್ಕಟ್ಟಿನ ಏಕೈಕ ಬೀಜವಲ್ಲ. ಸಡಿಲವಾದ ನಿಯಮ, ಸುಲಭವಾದ ಹಣ, ಕಣ್ಣುಮುಚ್ಚಿದ ಪರೀಕ್ಷಕ ಎಂಬ ಹದವಾದ ನೆಲವಿದ್ದಲ್ಲಿ ಮಾತ್ರ ಅದು ಮರವಾಗುತ್ತದೆ.

8

ಕನ್ನಡ ವಿಭಾಗವೊಂದರ ಸಂಪುಟದಲ್ಲಿ ಈ ವಿಷಯಕ್ಕೆ ಏನು ಸ್ಥಾನವೆಂದು ಕೇಳುವವರಿರಬಹುದು. ಉತ್ತರವು ಎರಡು ನೆಲೆಗಳಲ್ಲಿದೆ.

ಮೊದಲನೆಯದು ಭಾಷೆಯ ನೆಲೆ. ಠೇವಣಿಯ ಅರ್ಜಿ, ಸಾಲದ ಕರಾರು, ಜಾಮೀನಿನ ಪತ್ರ, ಷೇರಿನ ಪ್ರಕಟಣೆ ಇವುಗಳ ಷರತ್ತುಗಳು ಬಹುತೇಕ ಇಂಗ್ಲಿಷಿನಲ್ಲಿ, ಅದರಲ್ಲಿಯೂ ವಕೀಲರ ಇಂಗ್ಲಿಷಿನಲ್ಲಿರುತ್ತವೆ. ‘ಇಲ್ಲಿ ಸಹಿ ಮಾಡಿ’ ಎಂಬ ಮಾತೊಂದು ಮಾತ್ರ ಕನ್ನಡದಲ್ಲಿರುತ್ತದೆ. ತಾನು ಓದಲಾರದ ಪತ್ರಕ್ಕೆ ಸಹಿ ಹಾಕುವ ರೈತನೂ ನಿವೃತ್ತ ಶಿಕ್ಷಕನೂ ಗೃಹಿಣಿಯೂ ವಂಚನೆಗೆ ಅರ್ಧದಾರಿ ನಡೆದುಬಂದಂತೆಯೇ. ಕಡ, ಬಡ್ಡಿ, ಅಡವು, ಹೊಣೆ, ಕೈಗಡ, ಜಮೆ, ಖರ್ಚು ಎಂದು ಹಣದ ವ್ಯವಹಾರವನ್ನು ನಿಖರವಾಗಿ ಹೇಳಬಲ್ಲ ಪದಸಂಪತ್ತು ಕನ್ನಡಕ್ಕಿದೆ. ಬ್ಯಾಂಕಿನ ಷರತ್ತುಗಳನ್ನು ಸಂಸ್ಕೃತಮಯವಾದ, ಮೂಲಕ್ಕಿಂತ ಕ್ಲಿಷ್ಟವಾದ ಅನುವಾದವಾಗಿಸದೆ ಠೇವಣಿದಾರನಿಗೆ ತಿಳಿಯುವ ಕನ್ನಡದಲ್ಲಿ ಬರೆಯುವುದು ಪಾರಿಭಾಷಿಕ ಪದರಚನೆಯಲ್ಲಿ ತೊಡಗಿದವರು ಕೈಗೊಳ್ಳಬೇಕಾದ ಕಾರ್ಯ.

ಎರಡನೆಯದು ವಿದ್ವತ್ತಿನ ನೆಲೆ. ಗ್ರಂಥಸಂಪಾದನೆ ಮತ್ತು ಶಾಸನಶಾಸ್ತ್ರಗಳಲ್ಲಿ ತರಬೇತಿ ಪಡೆದ ವಿದ್ಯಾರ್ಥಿಯು ಯಾವ ದಾಖಲೆ ಎದುರಾದರೂ ಕೆಲವು ಪ್ರಶ್ನೆಗಳನ್ನು ಕೇಳುತ್ತಾನೆ. ಇದನ್ನು ಬರೆಸಿದವರು ಯಾರು? ಇದರಿಂದ ಪ್ರಯೋಜನ ಪಡೆಯುವವರು ಯಾರು? ಸಾಕ್ಷಿಗಳು ಯಾರು? ಇದೇ ವಿಷಯವನ್ನು ಹೇಳುವ, ಇದರಿಂದ ಹುಟ್ಟಿರದ ಬೇರೊಂದು ದಾಖಲೆ ಇದೆಯೇ? 1992ರಲ್ಲಿ ಬ್ಯಾಂಕ್ ರಸೀತಿಯನ್ನು ಕೈಯಲ್ಲಿ ಹಿಡಿದವರು ನಾಲ್ಕನೆಯ ಪ್ರಶ್ನೆಯೊಂದನ್ನು ಕೇಳಿದ್ದರೂ ಸಾಕಾಗಿತ್ತು. ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಆ ಸಾಲಪತ್ರವು ಕೊಟ್ಟವರ ಹೆಸರಿನಲ್ಲಿಲ್ಲವೆಂಬುದು ತಿಳಿಯುತ್ತಿತ್ತು. ಕಾಗದವು ಹೋಗಿ ಗಣಕಯಂತ್ರದ ಪರದೆಯು ಬಂದಿರುವ ಈ ಕಾಲದಲ್ಲಿಯೂ ಪ್ರಶ್ನೆಗಳು ಬದಲಾಗಿಲ್ಲ. 21,049 ಕಲ್ಪಿತ ಖಾತೆಗಳು ಹುಟ್ಟಿದ್ದು ಗಣಕೀಕೃತ ಬ್ಯಾಂಕಿಂಗಿನ ಕಾಲದಲ್ಲಿಯೇ.

ಪತ್ರವನ್ನು ಸಂಶಯಿಸುವುದು ಮನುಷ್ಯನನ್ನು ಸಂಶಯಿಸಿದಂತಲ್ಲ. ಪರೀಕ್ಷೆಗೆ ಒಡ್ಡಿಕೊಂಡು ಗೆದ್ದ ದಾಖಲೆಯೇ ನಿಜವಾಗಿ ನಂಬಿಕೆಗೆ ಅರ್ಹವಾದುದು. ಬಸವಪುರಾಣದ ಪರಂಪರೆಯಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತ ಬಸವಣ್ಣನವರ ಮೇಲೆ ಧನವ್ಯಯದ ದೂರು ಬಂದಾಗ ಭಂಡಾರವನ್ನು ಪರಿಶೀಲಿಸಲಾಯಿತೆಂಬ ಕಥೆಯಿದೆ. ಹಣವು ಸರಿಯಾಗಿಯೇ ಇತ್ತೆಂಬುದು ಅದರ ಮುಕ್ತಾಯ. ಆ ಕಥೆಯನ್ನು ಪವಾಡವೆಂದು ಓದುವವರುಂಟು. ಅದು ಪವಾಡವೇ ಇರಲಿ. ಲೆಕ್ಕ ಕೇಳುವ ಹಕ್ಕು ಅರಸನಿಗಿತ್ತು, ಲೆಕ್ಕ ಕೊಡುವ ಹೊಣೆ ಭಂಡಾರಿಗಿತ್ತು ಎಂಬುದನ್ನು ಕಥೆಯು ನಿಸ್ಸಂದೇಹವಾಗಿ ಒಪ್ಪಿಕೊಂಡಿದೆ. ಇಂದು ಆ ಹಕ್ಕು ಎರಡಾಣೆ ಕಟ್ಟಿದ ಠೇವಣಿದಾರನದು. ಅವನ ಭಾಷೆಯಲ್ಲಿ ಅವನಿಗೆ ಲೆಕ್ಕವನ್ನು ಒಪ್ಪಿಸುವ ದಿನದವರೆಗೆ ಹಗರಣಗಳು ನಡೆಯುತ್ತಲೇ ಇರುತ್ತವೆ, ಪ್ರಕರಣಗಳು ದಾಖಲಾಗುತ್ತಲೇ ಇರುತ್ತವೆ.